ಅಂಗಳದ ಬಾದಾಮಿ ಮರವನ್ನು ಒಣಗಿಸಲು ಹೊರಟದ್ದು

ಒಂದು ಕಾಡಿನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಅತ್ಯಂತ ಗಂಭೀರವಾದ ಘಟನೆ ನಡೆಯಿತು. ಮಲಗಿದ್ದ ಮೊಲವೊಂದರ ತಲೆಯ ಮೇಲೆ ಕಾಡುಬಾದಾಮಿಯ ಕಾಯಿ ಬಿತ್ತು. ಮೊಲಕ್ಕೆ ಗಾಯವಾಗಲಿಲ್ಲ. ಕಾಯಿಗೂ ಏನೂ ಆಗಲಿಲ್ಲ. ಆದರೂ ಸುದ್ದಿ ಸಂಜೆಯೊಳಗೆ ಹೊಳೆಯ ಆಚೆಗೂ ತಲುಪಿತು.

ಮೊಲದ ಹೆಸರು ನವಿರಮ್ಮ. ಅವಳು ಇದ್ದದ್ದು ಒಂದು ಮುಳ್ಳುಪೊದೆಯಲ್ಲಿ. ಪೊದೆಯ ಮುಂದೆ ನಾಲ್ಕು ಜಿಗಿತದಷ್ಟು ಅಂಗಳ, ಅಂಗಳದ ನಡುವೆ ಆ ಮರ. ಅದರ ನೆರಳಿಗೆ ಎಂಥದೋ ಗುಣವಿತ್ತು. ಎಲೆಗಳ ಸಂದಿಯಿಂದ ಬಿಸಿಲು ಹನಿಹನಿಯಾಗಿ ಇಳಿಯುತ್ತಿತ್ತು. ಗಾಳಿ ಬಂದರೆ ಅಂಗಳವೆಲ್ಲ ಕೆರೆಯ ನೀರಿನಂತೆ ತೂಗುತ್ತಿತ್ತು. ಅವಳ ಮೂರು ಮರಿಗಳು ಅದರಲ್ಲಿ ಮಲಗಿ ಹಗಲೆಲ್ಲ ಕನಸು ಕಾಣುತ್ತಿದ್ದವು.

ಮರುದಿನ ನರಿ ಯೋಗಕ್ಷೇಮ ವಿಚಾರಿಸಲು ಬಂತು.

"ಏನು ತಂಗಿ, ಮರ ಹೊಡೆಯಿತಂತೆ?"

"ಹೊಡೆಯಲಿಲ್ಲ ನರಿಯಣ್ಣ, ಕಾಯಿ ಬಿತ್ತು ಅಷ್ಟೆ."

"ಇವತ್ತು ನಿನ್ನ ತಲೆ. ನಾಳೆ ಮಕ್ಕಳದು. ಅದೂ ಎಳೆ ತಲೆ!"

ಮರವನ್ನೇ ಒಣಗಿಸಿಬಿಡೋಣ ಎಂದು ನರಿ ಸಲಹೆ ಕೊಟ್ಟಿತು. ಮರಿಗಳ ಮೇಲಿನ ಭಯಕ್ಕೆ ತಾಯಿ ಒಪ್ಪಿದಳು. ನರಿ ತಾನೇ ಓಡಾಡಿ ಮುಳ್ಳಜ್ಜನೆಂಬ ಮುಳ್ಳುಹಂದಿಯನ್ನು ಗೊತ್ತುಮಾಡಿತು. ಬುಡದ ತೊಗಟೆಯನ್ನು ಸುತ್ತಲೂ ಕೆರೆದು ತಿಂದರೆ ಎಂಥ ಮರವೂ ಒಣಗುತ್ತದೆ. ಆ ಕೆಲಸದಲ್ಲಿ ಮುಳ್ಳಜ್ಜನಿಗೆ ಸಮಾನರಿರಲಿಲ್ಲ. ಆದರೆ ಮುಳ್ಳುಹಂದಿಗಳು ರಾತ್ರಿ ದುಡಿದು ಹಗಲು ಮಲಗುವ ಜಾತಿ. ಅವಸರದಲ್ಲಿದ್ದ ನರಿ ಬೆಳಿಗ್ಗೆಯೇ ಬರಹೇಳಿತ್ತು.

ಮುಳ್ಳಜ್ಜ ಬಂದ. ಮರವನ್ನೊಮ್ಮೆ ನೋಡಿದ. "ಸ್ವಲ್ಪ ಸುಧಾರಿಸಿಕೊಂಡು ಶುರು ಮಾಡ್ತೀನಮ್ಮ" ಎಂದು ಕೊಂಬೆಯ ಕೆಳಗೆ ಮಲಗಿದ. ಸಂಜೆ ಎದ್ದು, "ನೆರಳು ಚೆನ್ನಾಗಿದೆ" ಎಂದು ವರದಿ ಒಪ್ಪಿಸಿ ಹೋದ. ಎರಡನೆಯ ದಿನವೂ ಕೆಲಸ ಇಷ್ಟೇ ಮುಂದುವರಿಯಿತು.

ಮೂರನೆಯ ದಿನ ನರಿಯೇ ಉಸ್ತುವಾರಿಗೆ ಬಂತು.

"ಏಳೋ ಮುದುಕ!" ಎಂದಿತು. ಮುದುಕ ಏಳಲಿಲ್ಲ. ಸಾವಕಾಶವಾಗಿ ಬೈಯೋಣವೆಂದು ನರಿ ಪಕ್ಕದಲ್ಲೇ ಕುಳಿತಿತು. ಗಾಳಿ ಬೀಸಿತು. ಅಂಗಳ ಮೆಲ್ಲಗೆ ತೂಗಿತು. ಎರಡನೆಯ ಬೈಗುಳದ ಅರ್ಧಕ್ಕೆ ನರಿಯ ಕಣ್ಣು ಮುಚ್ಚಿತು. ಬಾಯಿ ಮಾತ್ರ ನಿದ್ದೆಯಲ್ಲೂ ಆಡುತ್ತಿತ್ತು.

"ಮರ ಒಣಗಲಿ... ಮರಿಗಳು ನೆರಳಿಗೆ ನನ್ನ ಬಂಡೆಯ ಕೆಳಗೇ ಬರ್ತಾವೆ... ದಪ್ಪನೆಯ ಮರಿ ಮೊದಲು..."

ನವಿರಮ್ಮ ಸದ್ದು ಮಾಡದೆ ಮೂರೂ ಮರಿಗಳನ್ನು ಪೊದೆಯೊಳಕ್ಕೆ ತಳ್ಳಿದಳು. ಆ ಹೊತ್ತಿಗೆ ಮರ ತನ್ನ ಪಾಡಿಗೆ ಒಂದು ಕಾಯಿ ಬಿಟ್ಟಿತು. ಅದು ನರಿಯ ಮೂಗಿನ ಮೇಲೆ ಬಿತ್ತು. ನರಿ ಬೆಚ್ಚಿ ಹಿಂದಕ್ಕೆ ಹಾರಿತು. ಹಿಂದೆ ಮುಳ್ಳಜ್ಜ ಮಲಗಿದ್ದ.

"ಯಾರಪ್ಪಾ ಅದು, ಕೆಲಸದ ಹೊತ್ತಿನಲ್ಲಿ?" ಎಂದು ಮುಳ್ಳಜ್ಜ ಗೊಣಗಿದ.

ನರಿ ಊಳಿಡುತ್ತಾ ಓಡಿತು.

ನವಿರಮ್ಮ ಅಂದೇ ಕೆಲಸ ನಿಲ್ಲಿಸಿದಳು. ಕಾಯಿಗಳು ಉದುರುವುದು ಕೊಂಬೆಯ ತುದಿಗಳಿಂದ ಎಂಬುದನ್ನು ಕುಳಿತು ನೋಡಿ, ಮರಿಗಳ ಹಾಸಿಗೆಯನ್ನು ಬುಡದ ಹತ್ತಿರಕ್ಕೆ ಸರಿಸಿದಳು. ನರಿಯ ಹಿಂಭಾಗದಿಂದ ಹನ್ನೊಂದು ಮುಳ್ಳುಗಳನ್ನು ತೆಗೆಯಲಾಯಿತು. ಹನ್ನೆರಡನೆಯದು ಸಿಗಲಿಲ್ಲ.

ನೀತಿ: ನೆರಳು ಕೊಡುವವರ ಸಣ್ಣ ಕಿರಿಕಿರಿಯನ್ನು ಸಹಿಸಿಕೊಳ್ಳಬೇಕು, ಆ ನೆರಳೇ ಬೇಡವೆನ್ನುವವರಿಗೆ ಅದರಿಂದೇನು ಲಾಭವೆಂದು ಮೊದಲೇ ವಿಚಾರಿಸಬೇಕು.