ಹಿಟ್ಟು ಉಬ್ಬದ ಬೆಳಗು

ಅದು ಎಲ್ಲ ದಿನಗಳಂಥದೇ ಒಂದು ಮಂಗಳವಾರ, ಮಕ್ಕಳೇ. ಹಾಲಗುಂದ ಎಂಬ ರಾಜ್ಯದಲ್ಲಿ, ಹೊಳೆಯಿಂದ ಅರ್ಧ ದಿನದ ದಾರಿಯ, ದೊರೆಯ ಅರಮನೆಯಿದ್ದ ಊರಿನಲ್ಲಿ, ಮಾಳವ್ವ ಎಂಬ ಕುಂಬಾರರ ಸೊಸೆ ಬೆಳಗ್ಗೆ ಎದ್ದಳು. ಬಾಗಿಲಿಗೆ ನೀರು ಹಾಕಿದಳು. ಒಲೆ ಹಚ್ಚಿದಳು. ದೋಸೆಗೆಂದು ಹಿಂದಿನ ದಿನ ರುಬ್ಬಿಟ್ಟಿದ್ದ ಹಿಟ್ಟಿನ ಮುಚ್ಚಳ ತೆಗೆದಳು.

ಹಿಟ್ಟು ಉಬ್ಬಿರಲಿಲ್ಲ.

ಗಡಿಗೆಯಲ್ಲಿ ಎಷ್ಟು ಇಟ್ಟಿದ್ದಳೋ ಅಷ್ಟೇ ಇತ್ತು. ಮೂಸಿ ನೋಡಿದಳು. ಹುಳಿ ವಾಸನೆ ಇರಲಿಲ್ಲ. ಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಮನೆಯವರೂ ಹಿಟ್ಟು ಮುಗಿಯುವಾಗ ತಳದಲ್ಲಿ ಒಂದು ಸೌಟು ಉಳಿಸಿಕೊಂಡು, ಅದನ್ನು ಮರುದಿನದ ಹಿಟ್ಟಿಗೆ ಬೆರೆಸುತ್ತಿದ್ದರು. ಯಾರ ಮನೆಯ ಹಿಟ್ಟು ಕೆಟ್ಟರೂ ನೆರೆಮನೆಗೆ ಹೋಗಿ ಒಂದು ಸೌಟು ಕೇಳಬಹುದಿತ್ತು. ಕೇಳಿದವರಿಗೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಮಾಳವ್ವ ಬಟ್ಟಲು ಹಿಡಿದು ಹೊರಟಳು.

ಮೊದಲನೆಯ ಮನೆಯವಳು ಹೇಳಿದಳು, "ನಮ್ಮದೂ ಹಂಗೇ ಕೂತಿದೆ ಕಣವ್ವ. ಹಾಲಿಗೆ ಹೆಪ್ಪು ಹಾಕಿದ್ದೆ, ಅದೂ ಹಾಲಾಗೇ ಇದೆ."

ಎರಡನೆಯ ಮನೆಯವಳು ಹೇಳಿದಳು, "ಹಿಟ್ಟಿನ ಮಾತು ಬಿಡು, ನನ್ನ ಕೋಳಿ ನೋಡು ಬಾ. ಕಾವಿಗೆ ಕೂತು ಹತ್ತೊಂಬತ್ತು ದಿನ. ಇವತ್ತು ಮೊಟ್ಟೆ ತಣ್ಣಗಿದೆ. ಕೋಳಿನೂ ತಣ್ಣಗಿದೆ. ಆದರೆ ಕಣ್ಣು ಬಿಟ್ಕೊಂಡು ನನ್ನೇ ನೋಡ್ತಾ ಇದೆ."

ಮೂರನೆಯ ಮನೆಯವಳು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದಳು. "ದೋಸೆ ಯಾಕೆ ಮಾಳವ್ವ?" ಎಂದು ಕೇಳಿದಳು. "ನಿನಗೆ ಹಸಿವಾಗಿದೆಯಾ?"

ಮಾಳವ್ವ ಯೋಚಿಸಿದಳು. ಆಗಿರಲಿಲ್ಲ. ಹಿಂದಿನ ದಿನ ಬೇಗ ಉಂಡು ಮಲಗಿದವಳಿಗೆ ಈ ಹೊತ್ತಾದರೂ ಹಸಿವಾಗಿರಲಿಲ್ಲ. ಆಗ ಅವಳಿಗೆ ಇನ್ನೊಂದು ನೆನಪಾಯಿತು. ಬೆಳಗಿನಿಂದ ಮಗು ಅತ್ತಿರಲಿಲ್ಲ.

ಬಟ್ಟಲು ಅಲ್ಲೇ ಬಿಟ್ಟು ಓಡಿದಳು.

ಹೆಣ್ಣು ಮಗು. ಹುಟ್ಟಿ ಹದಿನೇಳು ದಿನವಾಗಿತ್ತು. ತೊಟ್ಟಿಲಲ್ಲಿ ಕಣ್ಣು ತೆರೆದು ಮಲಗಿತ್ತು. ಎದೆಗೆ ಹಿಡಿದರೆ ಚೀಪಲಿಲ್ಲ. ಹಾಲು ತುಟಿಯ ಅಂಚಿನಿಂದ ಹೊರಗೆ ಹರಿಯಿತು. ಉಸಿರು ಇತ್ತು, ಬಹಳ ನಿಧಾನವಾಗಿ. ಪಾದಗಳು ತಣ್ಣಗಿದ್ದವು.

ಮಧ್ಯಾಹ್ನ ಡಂಗುರದವನು ಬಂದ. ಅವನ ಕೋಲು ಚರ್ಮದ ಮೇಲೆ ಬೀಳಲು ಎಷ್ಟೋ ಹೊತ್ತು ಹಿಡಿಯುತ್ತಿತ್ತು. "ಕೇಳ್ರಪ್ಪೋ ಕೇಳಿ. ಇಂದಿನಿಂದ ಹಾಲಗುಂದದಲ್ಲಿ ಯಾರಿಗೂ ಹಸಿವಿಲ್ಲ. ಇದು ಚಾಗಿರಾಯ ದೊರೆಗಳ ಕೃಪೆ."

ನಡೆದದ್ದು ಇಷ್ಟು. ಚಾಗಿರಾಯ ದೊರೆಗೆ ತನ್ನ ಕಣಜಗಳೆಂದರೆ ಪ್ರಾಣ. ಸುಗ್ಗಿಯಲ್ಲಿ ತುಂಬಿದ ಕಣಜ ಮಳೆಗಾಲಕ್ಕೆ ಖಾಲಿಯಾಗುವುದನ್ನು ನೋಡಿ ಅವನಿಗೆ ಸಂಕಟ. "ಇಷ್ಟೆಲ್ಲ ಧಾನ್ಯ ಈ ಜನರ ಹೊಟ್ಟೆಗೆ ಹೋಗಿ ಏನಾಗುತ್ತದೆ? ಸುಟ್ಟು ಹೋಗುತ್ತದೆ" ಎನ್ನುತ್ತಿದ್ದ. ಒಂದು ದಿನ ಅರಮನೆಯ ಹಿಂದಿನ ಬತ್ತಿದ ಬಾವಿಯಿಂದ ಒಬ್ಬನು ಹತ್ತಿ ಬಂದ. ಅವನ ತುಟಿಗಳು ಮುಚ್ಚಿದ್ದವು. ಮಾತು ಎದೆಯೊಳಗಿನಿಂದ ಬರುತ್ತಿತ್ತು. ಅವನು ಎಂದೂ ಬದುಕಿದವನಲ್ಲ, ಆದ್ದರಿಂದ ಎಂದೂ ಸತ್ತವನೂ ಅಲ್ಲ. ಬೆಚ್ಚಗಿರುವುದು ಎಂದರೇನು ಎಂದು ತಿಳಿಯುವ ಆಸೆಯೊಂದೇ ಅವನಿಗಿದ್ದದ್ದು.

"ನಿನ್ನ ರಾಜ್ಯದ ಹೊಟ್ಟೆಗಳ ಬೆಂಕಿ ನನಗೆ ಕೊಡು. ಧಾನ್ಯವೆಲ್ಲ ನಿನಗೇ ಉಳಿಯುತ್ತದೆ" ಎಂದ.

ದೊರೆ ಒಪ್ಪಿದ. ಬಾಯಿ ಮುಚ್ಚಿದವನು ಒಂದು ಭಾಷೆ ಕೇಳಿದ. ದೊರೆ ಅದನ್ನೂ ಕೊಟ್ಟ. "ನನ್ನ ನೆಲದ ಕೈಯಾಗಲಿ, ನನ್ನ ನೆಲದ ಕಬ್ಬಿಣವಾಗಲಿ, ನನ್ನ ನೆಲದ ಕೊಳ್ಳಿಯಾಗಲಿ ನಿನ್ನ ಬಾಯಿ ತೆರೆಸದಿರಲಿ." ಆಗ ಅವನು ಒಂದೇ ಒಂದು ಸಲ ಬಾಯಿ ತೆರೆದು, ಉಸಿರು ಒಳಗೆಳೆದುಕೊಂಡು, ಮುಚ್ಚಿದ. ಹೊಳೆಯ ಈಚೆ ದಡದವರೆಗೆ ಇದ್ದ ಎಲ್ಲ ಜೀವಗಳ ಬೆಂಕಿಯೂ ಅವನೊಳಗೆ ಹೋಯಿತು. ಮನುಷ್ಯರದು, ದನಗಳದು, ಕೋಳಿಗಳದು, ಮಣ್ಣಿನಲ್ಲಿರುವ ಹುಳಗಳದು. ಕಣ್ಣಿಗೆ ಕಾಣದೆ ಹಿಟ್ಟನ್ನು ಹುಳಿ ಮಾಡುವವುಗಳದೂ ಹೋಯಿತು. ದೊರೆಯದೂ ಹೋಯಿತು.

ಮೊದಲ ದಿನ ಜನ ನಕ್ಕರು. ಎರಡನೆಯ ದಿನ ಸುಮ್ಮನಾದರು. ಮೂರನೆಯ ದಿನ ಹಲವರು ಕುಳಿತಲ್ಲಿಂದ ಏಳಲಿಲ್ಲ. ಬಿದ್ದು ಮಂಡಿ ತರಚಿಕೊಂಡಿದ್ದ ಹುಡುಗಿಯ ಗಾಯಕ್ಕೆ ಹಕ್ಕಳೆ ಕಟ್ಟಲಿಲ್ಲ. ತಿಪ್ಪೆಯಿಂದ ಏಳುತ್ತಿದ್ದ ಹಬೆ ನಿಂತಿತು. ಸತ್ತ ಇಲಿಯೊಂದು ಬೀದಿಯಲ್ಲಿ ಬಿದ್ದಿತ್ತು, ನಾರಲಿಲ್ಲ. ನೊಣವೂ ಬರಲಿಲ್ಲ.

ಬಾಯಿ ತೆರೆಸಿದರೆ ಬೆಂಕಿ ವಾಪಸು ಬರುತ್ತದೆಂದು ಪೈಲ್ವಾನನೊಬ್ಬ ಅರಮನೆಗೆ ಹೋಗಿ ಬಾಯಿ ಮುಚ್ಚಿದವನ ದವಡೆಗೆ ಕೈ ಹಾಕಿದ. ಬೆರಳುಗಳು ಮಡಚಲಾಗದಂತೆ ಸೆಟೆದವು. ಕಮ್ಮಾರ ಉಳಿ ಹಿಡಿದು ಹೋದ. ಉಳಿ ತುಟಿಗೆ ತಾಗುವ ಮೊದಲೇ ಬಾಗಿತು. ಮೂರನೆಯವನು ಕೊಳ್ಳಿ ಹಿಡಿದು ಹೋದ. ಕೊಳ್ಳಿ ಆರಿತು. ದೊರೆ ಕೊಟ್ಟಿದ್ದ ಭಾಷೆ ಆಗ ಊರಿಗೆಲ್ಲ ಗೊತ್ತಾಯಿತು.

ಮಾಳವ್ವನ ಮಾವ ದ್ಯಾಮಣ್ಣ. ಎಪ್ಪತ್ತಾರು ವರ್ಷದ ಮುದುಕ. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಮೂರು ತಿಂಗಳಿಂದ ನರಳುತ್ತಿದ್ದ. ಬದುಕಿಡೀ ಆವಿಗೆಯಲ್ಲಿ ಮಡಕೆ ಸುಟ್ಟವನು, ಬೆಂಕಿಯ ಗುಣ ಬಲ್ಲವನು. ಆರನೆಯ ದಿನ ಸೊಸೆಯನ್ನು ಕರೆದ.

"ಮಗೂನ ಮುಟ್ಟಿ ನೋಡಿದೆಯಾ? ತಣುಪು ಎಲ್ಲೀವರೆಗೆ ಬಂದಿದೆ?"

"ಮಂಡಿವರೆಗೆ ಮಾವ."

"ಆವಿಗೆಯ ಬೆಂಕಿ ಆರಿದ ಮೇಲೂ ಕಾವು ಇರುತ್ತೆ. ನಿನ್ನಂಥ ಗಟ್ಟಿಮುಟ್ಟಾದೋಳಿಗೆ ಒಂದು ತಿಂಗಳು ಬರಬಹುದು. ಮಗೂದು ಪುಟ್ಟ ಆವಿಗೆ. ಬೇಗ ತಣ್ಣಗಾಗುತ್ತೆ. ಎದೆ ಮುಟ್ಟಿದರೆ ಮುಗೀತು."

"ಹಾಲು ಹಿಂಡಿ ಬಾಯಿಗೆ ಬಿಡ್ತಾನೇ ಇದ್ದೀನಿ ಮಾವ."

"ಬಿಟ್ಟರೆ ಏನು ಬಂತು? ಉಂಡದ್ದು ಉಂಡ ಹಾಗೇ ಇದ್ದರೆ ಮೈಗಾಗೋದಿಲ್ಲ. ಅದನ್ನು ಒಡೀಬೇಕು. ಒಡೆದದ್ದರಲ್ಲಿ ಒಂದಿಷ್ಟು ಸುಡಬೇಕು. ಆ ಕಾವಿನಿಂದಲೇ ಉಸಿರಾಡೋದು, ಕೈ ಎತ್ತೋದು, ಅಳೋದು. ಉಳಿದ ಚೂರಿನಿಂದ ಮೂಳೆ, ಚರ್ಮ, ಕೂದಲು ಕಟ್ಟೋದು. ಒಳಗೆ ಕೆಡವೋ ಮೇಸ್ತ್ರಿ ಇಲ್ಲದಿದ್ದರೆ ಕಟ್ಟೋ ಮೇಸ್ತ್ರಿಯೂ ಇಲ್ಲ." ಮುದುಕ ಹೊಳೆಯ ದಿಕ್ಕಿಗೆ ಕೈ ತೋರಿಸಿದ. "ಹೊಳೆ ಆಚೆಗೆ ಹೋಗು. ಅಲ್ಲಿ ಹಿಟ್ಟು ಇನ್ನೂ ಹುಳಿಯಾಗ್ತಿರುತ್ತೆ. ಒಂದು ಸೌಟು ಕೇಳಿ ತಾ. ದೊರೆ ಭಾಷೆಯಲ್ಲಿ ಕೈ ಇದೆ, ಕಬ್ಬಿಣ ಇದೆ, ಕೊಳ್ಳಿ ಇದೆ. ಹುಳಿ ಹಿಟ್ಟು ಇಲ್ಲ. ಅದೂ ಆಚೆ ನೆಲದ್ದು."

"ಹಿಟ್ಟು ತಗೊಂಡು ಅವನಿಗೆ ದೋಸೆ ಹಾಕಿಕೊಡಲಾ?" ಎಂದಳು ಮಾಳವ್ವ, ಸಿಟ್ಟಿನಿಂದ.

"ದೋಸೆ ಬೇಡ. ನಿನ್ನ ದೋಸೆ ಅಂಚಿನಲ್ಲಿ ಸೀದಿರುತ್ತೆ." ಮುದುಕ ನಕ್ಕ. "ಹಸಿ ಹಿಟ್ಟೇ ಕುಡಿಸು. ಬೆಲ್ಲ ಹಾಕಿ. ಬೆಚ್ಚಗಿರೋ ಜಾಗದಲ್ಲಿ ಮುಚ್ಚಿಟ್ಟ ಗಡಿಗೆಗೆ ಏನಾಗುತ್ತೆ ಅಂತ ನಿನಗೆ ಗೊತ್ತಲ್ಲ?"

ಮಾಳವ್ವನಿಗೆ ಅರ್ಥವಾಯಿತು. ಎದ್ದವಳು ಮತ್ತೆ ಕುಳಿತಳು.

"ಮಾವ, ಬೆಂಕಿ ವಾಪಸು ಬಂದರೆ ನಿಮ್ಮ ಗಡ್ಡೆ..."

"ಹೂಂ. ಬೆಳೆಯೋದಕ್ಕೆ ಅದಕ್ಕೂ ಬೆಂಕಿ ಬೇಕು. ಆರು ದಿನದಿಂದ ಅದೂ ಉಪವಾಸ, ನನಗೆ ನೋವೂ ಇಲ್ಲ. ನನಗೆ ಲೆಕ್ಕ ಹಾಕೋಕೆ ಬರೋದಿಲ್ಲ ಅಂದ್ಕೊಂಡೆಯಾ? ನಡಿ ನಡಿ, ಹೊತ್ತು ಏರ್ತಿದೆ."

ಮಾಳವ್ವ ಮಗುವನ್ನು ಮಾವನ ಪಕ್ಕದಲ್ಲಿ ಮಲಗಿಸಿ, ಬಟ್ಟಲು, ಬೆಲ್ಲ ಹಿಡಿದು ಹೊರಟಳು. ಅರ್ಧ ದಿನದ ದಾರಿಗೆ ಅವಳಿಗೆ ಮೂರು ದಿನ ಬೇಕಾಯಿತು. ಕಾಲು ಎತ್ತಿದರೆ ಇಡಲು ನೆನಪಾಗಬೇಕಿತ್ತು. ಹೊಲದಲ್ಲಿ ನೇಗಿಲು ಹೂಡಿದ ಎತ್ತುಗಳು ನಿಂತೇ ಇದ್ದವು. ಮೇವು ಅವುಗಳ ಬಾಯಲ್ಲಿಯೇ ಇತ್ತು. ಬೇಲಿಯ ಮೇಲಿನ ಕಾಗೆ ಅವಳನ್ನು ನೋಡಿತು, ಹಾರಲಿಲ್ಲ. ದಾರಿಯ ಮಧ್ಯೆ ಅವಳ ಗಂಡ ಕರಿಯಪ್ಪ ಮಡಕೆಯ ಗಾಡಿಯ ಪಕ್ಕ ನಿಂತಿದ್ದ. ಮಂಗಳವಾರ ಸಂತೆಗೆ ಹೊರಟವನು ಅಲ್ಲಿಯೇ ನಿಂತುಬಿಟ್ಟಿದ್ದ.

"ಹೊಳೆ ಆಚೆಗೆ ಹೋಗ್ತಿದ್ದೀನಿ. ಬರ್ತೀಯಾ?" ಎಂದು ಕೇಳಿದಳು.

ಕರಿಯಪ್ಪ ಯೋಚಿಸಿದ. ಅವಳು ತಿರುವು ದಾಟಿ ಕಣ್ಮರೆಯಾದಾಗಲೂ ಅವನು ಯೋಚಿಸುತ್ತಲೇ ಇದ್ದ.

ಹೊಳೆ ದಾಟಿದರೆ ಆಚೆ ಊರಿನಲ್ಲಿ ನಾಯಿ ಬೊಗಳುತ್ತಿತ್ತು. ಮಾಳವ್ವ ಮೊದಲ ಮನೆಯ ಬಾಗಿಲಲ್ಲಿ ನಿಂತಳು. ಒಳಗಿನವಳು ಬಟ್ಟಲು ತೆಗೆದುಕೊಳ್ಳುವಾಗ ಮಾಳವ್ವನ ತಣ್ಣನೆಯ ಬೆರಳು ತಾಗಿ ಕಿರುಚಿ ಬಾಗಿಲು ಹಾಕಿದಳು. ಎರಡನೆಯ ಮನೆಯವಳು, "ಇವಳು ರೆಪ್ಪೆ ಬಡೀತಾನೇ ಇಲ್ಲ!" ಎಂದು ಒಳಗೋಡಿದಳು. ಮೂರನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳೂ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಗಡಿಗೆಯ ತಳದಿಂದ ಒಂದು ಸೌಟು ಹಿಟ್ಟು ತೆಗೆದು ಬಟ್ಟಲಿಗೆ ಹಾಕಿದಳು.

"ಹಳೇ ಹಿಟ್ಟು ಕೇಳಿ ಬಂದೋರನ್ನ ಯಾರು, ಎಲ್ಲಿಯವರು ಅಂತ ಕೇಳಬಾರದು" ಎಂದಳು. "ತಗೊಳ್ಳವ್ವ. ನೀನು ಮನುಷ್ಯಳಾಗಿದ್ದರೆ ಮಕ್ಕಳಿಗೆ ಹಾಕು. ಅಲ್ಲದಿದ್ದರೆ ನನ್ನ ಮನೆ ಕಡೆ ಮತ್ತೆ ಬರಬೇಡ."

ಮಾಳವ್ವ ಮನೆಗೆ ಬರುವಾಗ ಮತ್ತೆ ಮೂರು ದಿನ ಕಳೆದಿತ್ತು. ದಾರಿಯಲ್ಲಿ ದಿನಕ್ಕೊಮ್ಮೆ ಹಿಟ್ಟಿಗೆ ಒಂದು ಚಿಟಿಕೆ ಬೆಲ್ಲ ಹಾಕಿದ್ದಳು. ಬಟ್ಟಲಿನಲ್ಲಿ ಗುಳ್ಳೆಗಳಿದ್ದವು. ಮಗುವಿನ ಸೊಂಟದವರೆಗೆ ತಣ್ಣಗಾಗಿತ್ತು. ಅವಳು ಅಕ್ಕಿ, ಉದ್ದು ರುಬ್ಬಿ, ಆ ಸೌಟನ್ನು ಬೆರೆಸಿ, ಬೆಲ್ಲ ಕದಡಿ, ಒಂದು ಸಣ್ಣ ಬಿದಿರಿನ ಕೊಳವೆ ಹಿಡಿದು ಅರಮನೆಗೆ ಹೋದಳು.

ಬಾಯಿ ಮುಚ್ಚಿದವನು ಉಗ್ರಾಣದಲ್ಲಿ ಕಣಜಗಳ ನಡುವೆ ಕುಳಿತಿದ್ದ. ಅವನ ಸುತ್ತ ಭತ್ತ ಸಿಡಿದು ಅರಳಾಗಿ ಬಿದ್ದಿತ್ತು, ಅಷ್ಟು ಕಾವು. ದೊರೆ ದೂರದಲ್ಲಿ ಭತ್ತದ ರಾಶಿಯ ಮೇಲೆ ಕುಳಿತು ಕಾಳುಗಳನ್ನು ನೋಡುತ್ತಿದ್ದ. ಮಾಳವ್ವ ಬಂದದ್ದು ಅವನಿಗೆ ಬೇಕಿರಲಿಲ್ಲ, ಬೇಡವೂ ಆಗಿರಲಿಲ್ಲ.

"ಏನು ಬೇಕು?" ಎದೆಯೊಳಗಿನ ದನಿ ಕೇಳಿತು.

"ನನಗೇನೂ ಬೇಡ ಒಡೆಯಾ. ನಿಮಗೇ ಏನೋ ಬೇಕಾಗಿರೋ ಹಾಗಿದೆ."

"ಇಲ್ಲಿ ಏನೋ ಕಡಿಯುತ್ತಿದೆ" ಎಂದು ಅವನು ಹೊಟ್ಟೆ ತೋರಿಸಿದ. "ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದೆ."

"ಅದು ಹಸಿವು. ಒಂದಲ್ಲ, ಇಡೀ ರಾಜ್ಯದ್ದು. ಅದಕ್ಕೆ ದಿನಾ ಹಾಕಬೇಕು. ಹಾಕದಿದ್ದರೆ ಇಟ್ಟುಕೊಂಡವನನ್ನೇ ತಿನ್ನುತ್ತೆ."

"ನಾನು ಬಾಯಿ ತೆರೆಯಲಾರೆ."

"ತೆರೆಯೋದು ಯಾಕೆ? ಇಗೋ ಕೊಳವೆ. ತುಟಿ ನಡುವೆ ಹಿಡಿದು ಹೀರಿಕೊಳ್ಳಿ. ನಾನು ಮುಟ್ಟೋದಿಲ್ಲ."

ಅವನು ಹೀರಿದ. ಒಂದು ಗಡಿಗೆ ಮುಗಿಯಿತು. ಕಡಿತ ಸ್ವಲ್ಪ ಇಳಿಯಿತು. "ಇನ್ನೂ ತಾ" ಎಂದ.

ಎರಡನೆಯ ಬೆಳಗ್ಗೆ ಅವಳು ಎರಡು ಗಡಿಗೆ ತಂದಳು. ಅವನ ಹೊಟ್ಟೆಯಿಂದ ಸಣ್ಣ ಸದ್ದು ಬರುತ್ತಿತ್ತು. "ಒಳಗೆ ಯಾರೋ ಮಾತಾಡುತ್ತಿದ್ದಾರೆ" ಎಂದ ಅವನು. ಅವನ ದನಿಯಲ್ಲಿ ಭಯವಿತ್ತು.

"ಹೊಟ್ಟೆ ಇದ್ದೋರಿಗೆಲ್ಲ ಹಾಗೇ ಒಡೆಯಾ" ಎಂದಳು ಮಾಳವ್ವ.

ಮೂರನೆಯ ಬೆಳಗ್ಗೆ ಮಗುವಿನ ಪಕ್ಕೆಯ ಕೆಳಗಿನ ಎಲುಬಿನವರೆಗೆ ತಣ್ಣಗಿತ್ತು. ಅವಳು ಮೂರು ಗಡಿಗೆ ತಂದಳು. ಅವನು ಕೊನೆಯ ಹನಿಯವರೆಗೆ ಹೀರಿದ. ಅವಳು ಎದುರಿಗೆ ಕುಳಿತು ಕಾದಳು. ಹೊಳೆಯಾಚೆಯಿಂದ ಬಂದ, ಕಣ್ಣಿಗೆ ಕಾಣದ ಅವು ಬೆಲ್ಲ ತಿಂದವು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ತಿಂದು ತಿಂದು ಗಾಳಿ ಬಿಟ್ಟವು. ಅವನ ಹೊಟ್ಟೆ ಉಬ್ಬಿತು. ಎದೆ ಉಬ್ಬಿತು. ಕುತ್ತಿಗೆ ಉಬ್ಬಿತು. ಅವನು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದ.

"ನಿಲ್ಲಿಸು" ಎಂದಿತು ದನಿ.

"ನಾನೇನು ಮಾಡ್ತಿದ್ದೀನಿ? ನಾನು ಕೂತಿದ್ದೀನಿ" ಎಂದಳು ಮಾಳವ್ವ. "ಅದು ಬದುಕಿರೋರಿಗೆ ಬರೋದು. ನಿಲ್ಲಿಸೋಕೆ ಆಗೋದಿಲ್ಲ."

ಅವನು ತೇಗಿದ.

ಆ ತೇಗಿನ ಸದ್ದು ಹೊಳೆಯವರೆಗೂ ಕೇಳಿತಂತೆ. ಬಿಸಿ ಗಾಳಿಯೊಂದು ಉಗ್ರಾಣದ ಬಾಗಿಲು ಹಾರಿಸಿಕೊಂಡು ಹೊರಗೆ ನುಗ್ಗಿತು. ಎತ್ತುಗಳು ಬಾಯಲ್ಲಿದ್ದ ಮೇವು ಅಗಿದವು. ಕಾಗೆ ಕೂಗಿ ಹಾರಿತು. ಕರಿಯಪ್ಪ "ಹೂಂ, ಬರ್ತೀನಿ" ಎಂದು ಖಾಲಿ ದಾರಿಗೆ ಹೇಳಿ, ಆಮೇಲೆ ಗಾಡಿ ತಿರುಗಿಸಿ ಮನೆಗೆ ಬಂದ. ಮನೆಮನೆಯ ಗಡಿಗೆಗಳಲ್ಲಿ ಹಿಟ್ಟು ಉಕ್ಕಿ ಮುಚ್ಚಳ ಬೀಳಿಸಿ ನೆಲಕ್ಕೆ ಹರಿಯಿತು. ಬೀದಿಯ ಇಲಿ ನಾರತೊಡಗಿತು. ಬಾಯಿ ಮುಚ್ಚಿದವನಿದ್ದ ಜಾಗದಲ್ಲಿ ಬಾವಿಯ ತಳದ ಒಣ ಕೆಸರಷ್ಟೇ ಉಳಿಯಿತು.

ಚಾಗಿರಾಯ ದೊರೆಗೆ ಹದಿನೈದು ದಿನದ ಹಸಿವು ಒಟ್ಟಿಗೆ ಬಂತು. ರಾಶಿಯ ಮೇಲೆಯೇ ಬಿದ್ದು ಹಸಿ ಭತ್ತವನ್ನು ಹೊಟ್ಟಿನ ಸಮೇತ ಬಾಯಿಗೆ ತುಂಬಿಕೊಂಡ. ನುಂಗಲಾಗಲಿಲ್ಲ. "ಯಾರಾದರೂ ಅನ್ನ ಬೇಯಿಸ್ರಪ್ಪಾ!" ಎಂದು ಅತ್ತ. ಬೇಯಿಸುವವರಿಗೂ ಹಸಿವಾಗಿತ್ತು. ಅವರು ಮೊದಲು ಉಂಡರು, ಆಮೇಲೆ ಅವನಿಗೆ ಬಡಿಸಿದರು. ಹಾರಿಹೋದ ಉಗ್ರಾಣದ ಬಾಗಿಲನ್ನು ಅವನು ಮತ್ತೆ ಹಾಕಿಸಲಿಲ್ಲ.

ಮಾಳವ್ವ ತನ್ನ ಬೀದಿಯ ತಿರುವಿಗೆ ಬಂದಾಗ ಅಳು ಕೇಳಿತು. ಹಸಿದ ಮಗುವಿನ ಅಳು, ಉಸಿರು ಕಟ್ಟಿ ಕಟ್ಟಿ ಬರುವಂಥದು. ಅವಳು ಓಡಲಿಲ್ಲ. ಗೋಡೆಗೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತು ಕೇಳಿದಳು. ಆಮೇಲೆ ಒಳಗೆ ಹೋಗಿ ಹಾಲು ಕೊಟ್ಟಳು.

ದ್ಯಾಮಣ್ಣ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದ. "ಎಷ್ಟು ಜೋರು ಗಂಟಲು!" ಎಂದ. "ನಿಮ್ಮ ಅತ್ತೆಯದೇ."

ಇದರ ನೀತಿ ಇಷ್ಟು, ಮಕ್ಕಳೇ. ಬದುಕಿರುವುದೆಂದರೆ ದಿನವೂ ಉಣ್ಣುವುದು, ಉಂಡದ್ದನ್ನು ಸುಡುವುದು, ಸುಡದೆ ಉಳಿದದ್ದರಿಂದ ಮೈಯನ್ನು ಮತ್ತೆ ಮತ್ತೆ ಕಟ್ಟುವುದು. ಹಸಿವು ಅದರ ಗುರುತು. ಹಸಿದವರಿಗೆ ಅನ್ನ ಕೊಡಬೇಕು. ತನ್ನ ಕಣಜ ಉಳಿಯಲೆಂದು ಅವರ ಹಸಿವನ್ನೇ ಕಸಿದುಕೊಳ್ಳುವವನು ಅವರ ಬದುಕನ್ನೇ ಕಸಿದುಕೊಳ್ಳುತ್ತಾನೆ. ಮತ್ತು ಉರಿಯುವುದೆಲ್ಲ ಒಂದು ದಿನ ಉರಿದು ಮುಗಿಯುತ್ತದೆ. ಅದಕ್ಕೆ ಹೆದರಿ ಯಾರೂ ಒಲೆ ಆರಿಸಬಾರದು.

ಬೆಂಕಿ ಮರಳಿದ ಹನ್ನೊಂದನೆಯ ದಿನ ಬೆಳಗಿನ ಜಾವ ದ್ಯಾಮಣ್ಣ ತೀರಿಕೊಂಡ. ಅವನು ಮಲಗಿದ್ದ ಚಾಪೆ ಹೊತ್ತು ಮೂಡುವವರೆಗೂ ಬೆಚ್ಚಗಿತ್ತು.