ಪಾದರಸ ಹಿಡಿದ ಇದ್ದಿಲು

“ಗುರುಗಳೇ, ಅಮಾವಾಸ್ಯೆಯ ಕೂಟದಿಂದ ನನಗೆ ಬಿಡುಗಡೆ ಕೊಡುವಿರಾ?” ಎಂದು ಅಡವಯ್ಯ ಕೇಳಿದ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಅಮಾವಾಸ್ಯೆ ಶಿಷ್ಯರು ಒಬ್ಬೊಬ್ಬರಾಗಿ ಗುರುಗಳ ಮುಂದೆ ಕುಳಿತು, ಆ ತಿಂಗಳು ಮನಸ್ಸಿನಲ್ಲಿ ಉಳಿದ ಸಿಟ್ಟು, ನೋವುಗಳನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅಡವಯ್ಯ ಮೂರು ವರ್ಷದಿಂದ ಸುಮ್ಮನೆ ಕೈಮುಗಿದು ಎದ್ದು ಹೋಗುತ್ತಿದ್ದ.

“ನನ್ನಲ್ಲಿ ಹೇಳುವುದಕ್ಕೆ ಏನೂ ಇಲ್ಲ. ನಾನು ಯಾರಿಗೂ ಎದುರು ಮಾತಾಡಿದವನಲ್ಲ. ಹೋದ ವರ್ಷ ಕಾರ್ತಿಕದ ಎರಡನೆಯ ಸೋಮವಾರ, ಮೂರನೆಯ ಪಂಕ್ತಿ ಏಳುವ ಹೊತ್ತಿಗೆ, ಅಡುಗೆಯ ರಾಚಪ್ಪ ಎಲ್ಲರೆದುರು ನನ್ನನ್ನು ‘ಬಿಟ್ಟಿ ಕೂಳಿನವ’ ಎಂದ. ಆಗಲೂ ನಕ್ಕೆ. ಅದಕ್ಕೇ ಅಲ್ಲವೇ ನಾಳೆಯಿಂದ ಮಠದ ಅರವತ್ತು ಮಕ್ಕಳನ್ನು ನೀವು ನನ್ನ ಕೈಗೆ ಒಪ್ಪಿಸುತ್ತಿರುವುದು?”

“ಭೇಷ್!” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ತಲೆಯಾಡಿಸಬೇಡ. ಅರ್ಥವಾಗುವ ಮೊದಲೇ ತಲೆಯಾಡಿಸುವವರನ್ನು ಕಂಡರೆ ನನಗಾಗದು.

“ನೆಲದಾಳದಿಂದ ಬಂದ ನೈಸರ್ಗಿಕ ಅನಿಲವನ್ನು ಶುದ್ಧಿಮಾಡುವ ಒಂದು ಸ್ಥಾವರವಿತ್ತು. ಆ ಅನಿಲದಲ್ಲಿ ಪಾದರಸದ ಆವಿ ಬೆರೆತಿರುತ್ತಿತ್ತು, ಕಣ್ಣಿಗೆ ಕಾಣದಷ್ಟು. ಮುಂದೆ ಅನಿಲವನ್ನು ತಣಿಸುವ ಅಲ್ಯೂಮಿನಿಯಂ ಪೆಟ್ಟಿಗೆ. ಪಾದರಸ ತಾಗಿದರೆ ಆ ಲೋಹ ಸವೆದು ಹೋಗುತ್ತದೆ. ಅದಕ್ಕಾಗಿ ನಡುವೆ ಒಂದು ದೊಡ್ಡ ಉಕ್ಕಿನ ಕೊಳಗ, ಅದರ ತುಂಬ ಗಂಧಕ ಬೆರೆಸಿದ ಇದ್ದಿಲು. ಅನಿಲ ಹಾದುಹೋಗುತ್ತದೆ, ಪಾದರಸ ಇದ್ದಿಲಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಬಿಡುವುದಿಲ್ಲ.

“ನಾಲ್ಕು ವರ್ಷಕ್ಕೊಮ್ಮೆ ಇದ್ದಿಲು ಬದಲಿಸಬೇಕೆಂದು ನಿಯಮ. ನಾಲ್ಕಾಯಿತು, ಆರಾಯಿತು. ಅನಿಲ ಪರೀಕ್ಷಿಸುವ ಹೆಂಗಸು ದಿನವೂ ಕೊಳಗದ ಹೊರಬಾಯಿಯಲ್ಲಿ ಪಾದರಸ ಅಳೆದು ಬರೆಯುತ್ತಿದ್ದಳು: ಸೊನ್ನೆ. ಜನ ಆ ಕೊಳಗವನ್ನು ‘ಅಜ್ಜ’ ಎಂದು ಕರೆಯತೊಡಗಿದರು. ಆಯುಧಪೂಜೆಯ ದಿನ ಮೊದಲ ಕುಂಬಳಕಾಯಿ ಅಜ್ಜನಿಗೇ. ಕುಂಕುಮ ಹಚ್ಚಿದರು, ಹಾರ ಹಾಕಿದರು. ಮುಚ್ಚಳ ಮಾತ್ರ ತೆಗೆಯಲಿಲ್ಲ.

“ಎಂಟನೆಯ ವರ್ಷ ಆ ಹೆಂಗಸು ಅಧಿಕಾರಿಗೆ ಹೇಳಿದಳು, ‘ಸರ್, ಹೊರಗೆ ಸೊನ್ನೆ ಎಂದರೆ ಬಂದದ್ದೆಲ್ಲ ಒಳಗೇ ಇದೆ ಎಂದಲ್ಲವೇ? ನಡುವಿನಿಂದ ಒಂದು ಹಿಡಿ ಇದ್ದಿಲು ತೆಗೆಸಿ ನೋಡೋಣ.’

“ಅಧಿಕಾರಿ ನಕ್ಕ. ‘ಒಂದು ದಿನವೂ ತಪ್ಪದವನ ಹೊಟ್ಟೆ ಬಗೆದು ನೋಡುತ್ತಾರೇನಮ್ಮ? ಕೈಮುಗಿ, ಸಾಕು.’

“ಅವಳೂ ಕೈಮುಗಿದಳು. ಏನು ಮಾಡಿಯಾಳು?

“ಒಂಬತ್ತನೆಯ ವರ್ಷ ಸೊನ್ನೆ ಹೋಗಿ ಅಂಕಿ ಬಂತು. ಅವಳು ದಿನವೂ ಬರೆದಳು. ಸೊನ್ನೆ ನೋಡಿ ಅಭ್ಯಾಸವಾಗಿದ್ದ ಅಧಿಕಾರಿ ಮೀಟರು ಕೆಟ್ಟಿದೆ ಎಂದ. ಕೆಲವು ತಿಂಗಳಲ್ಲಿ ಪೆಟ್ಟಿಗೆ ಬಿರಿಯಿತು, ಅನಿಲ ಸೋರಿತು, ಬೆಂಕಿ ಹತ್ತಿತು. ವಾಲ್ವ್ ಮುಚ್ಚಲು ಓಡಿದವಳು ಅವಳೇ. ಎರಡೂ ಕೈ ಸುಟ್ಟುಹೋದವು. ಈ ಮಾತು ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

“ಆಮೇಲೆ ಕೊಳಗ ಬಿಚ್ಚಿದರು. ಇದ್ದಿಲು ಕೆಟ್ಟಿರಲಿಲ್ಲ. ಮೇಲಿನಿಂದ ತಳದವರೆಗೆ ತುಂಬಿಹೋಗಿತ್ತು, ಅಷ್ಟೇ.”

ಅಡವಯ್ಯ ತಡೆಯಲಾರದೆ ಅಂದ, “ಛೇ! ಹೊತ್ತಿಗೆ ಸರಿಯಾಗಿ ಬಿಚ್ಚಿ ಬದಲಿಸಿದ್ದರೆ ಸಾಕಿತ್ತಲ್ಲ ಗುರುಗಳೇ!”

ಗುರುಗಳು ಅವನ ಮುಖವನ್ನೇ ನೋಡಿದರು.

“ಕಾರ್ತಿಕದ ಎರಡನೆಯ ಸೋಮವಾರ, ಮೂರನೆಯ ಪಂಕ್ತಿ, ಎಷ್ಟು ಚೆನ್ನಾಗಿ ಹಿಡಿದಿಟ್ಟಿದ್ದೀಯಪ್ಪ!”