ನೀರು ಬಿಡೋ ಫಕೀರಪ್ಪ ನೀರು ಹಾಕದೆ ನಿಂತದ್ದು

ಎಂಟು ದಿನಕ್ಕೊಮ್ಮೆ ನಲ್ಲಿಗೆ ನೀರು ಬರುವ ಊರು ಅದು. ಆ ನೀರು ಬಿಡುವವನು ಫಕೀರಪ್ಪ. ಮೂವತ್ತೊಂದು ವರ್ಷ ಅವನು ಓಣಿ ಓಣಿ ತಿರುಗಿದ. ಉದ್ದನೆಯ ಕಬ್ಬಿಣದ ಕೀಲಿಯಿಂದ ನೆಲದೊಳಗಿನ ವಾಲ್ ತಿರುವಿದ. ಕೆಲಸದಿಂದ ರಿಟೈರ್ ಆದಮೇಲೂ ಜನ ಅವನನ್ನು ನೀರು ಬಿಡೋ ಫಕೀರಪ್ಪ ಎಂದೇ ಕರೆದರು.

ಅಷ್ಟು ವರ್ಷ ಅವನು ಕೇಳಿದ್ದು ಒಂದೇ ಮಾತು. ಇನ್ನೊಂದೀಟು ಬಿಡಪ್ಪ. ಸಾಕು ಅಂದವರು ಒಬ್ಬರೂ ಇಲ್ಲ. ಹೀಗಾಗಿ ಅವನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು. ಹೆಚ್ಚು ನೀರು ಕೊಟ್ಟವನು ಒಳ್ಳೆಯವನು, ಕಡಿಮೆ ಕೊಟ್ಟವನು ಕೆಟ್ಟವನು. ಅವನಿಗೆ ಗೊತ್ತಿದ್ದ ಧರ್ಮ ಅಷ್ಟೇ.

ಅವನ ಹೆಂಡತಿ ಇರವ್ವ. ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಉಂಡು ಬಂದವರಿಗೂ ಹಸಿವಾಗುತ್ತಿತ್ತು. ಮಾತು ಕಡಿಮೆ. ಆಡಿದರೆ ಆಡಿದ್ದೇ.

ಆ ಸೀಮೆಯಲ್ಲಿ ರೊಟ್ಟಿಯ ಪಕ್ಕ ಹಸಿ ಸೊಪ್ಪು ಇರಲೇಬೇಕು. ಮೆಂತ್ಯವೋ, ಹಕ್ಕರಕಿಯೋ, ಎಳೆ ಉಳ್ಳಾಗಡ್ಡಿಯೋ. ಕರಕರ ಎಂದು ಕಡಿದು ತಿನ್ನಬೇಕು. ಚಳಿಗಾಲದಲ್ಲಿ ಸಂತೆಯ ತುಂಬ ಅದೇ. ಬಿಸಿಲು ಏರಿತೋ, ಸಂತೆಗೆ ಬರುವ ಸೊಪ್ಪು ಬರುವ ದಾರಿಯಲ್ಲೇ ಬಾಡಿ ಮಲಗುತ್ತದೆ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಜಯಶೀಲಾ ಅಕ್ಕೋರು ದಿನಾ ಮಧ್ಯಾಹ್ನ ಇರವ್ವನ ಕೈಯೂಟ ಉಣ್ಣುತ್ತಿದ್ದರು. ಆ ವರ್ಷ ಶಾಲೆಗೆ ಐವತ್ತು ತುಂಬುವುದಿತ್ತು. ಏಪ್ರಿಲ್ ಮೊದಲ ಭಾನುವಾರ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರುವುದೆಂದು ಠರಾವಾಯಿತು. ಎಂಬತ್ತು ಜನರ ಊಟ. ಅದನ್ನು ಅಂದಾನಪ್ಪನ ದೊಡ್ಡ ಖಾನಾವಳಿಗೆ ಕೊಡೋಣ ಎಂದು ಕಮಿಟಿಯವರು. ಇರವ್ವನಿಗೇ ಕೊಡಬೇಕು ಎಂದು ಅಕ್ಕೋರು. ಕೊನೆಗೆ ಕಮಿಟಿಯ ಹೆಂಗಸರು ಇಬ್ಬರನ್ನೂ ಕರೆಸಿ ಒಂದೇ ಪ್ರಶ್ನೆ ಕೇಳಿದರು. ಆ ಬಿಸಿಲಿನಲ್ಲಿ ರೊಟ್ಟಿಯ ಪಕ್ಕ ಹಸಿರೆಲೆ ಇರುತ್ತದೆಯೇ ಎಂದು. ಸೌತೆಕಾಯಿ ಹೆಚ್ಚಿ ಇಡುತ್ತೇನೆ ಎಂದ ಅಂದಾನಪ್ಪ.

ಇರವ್ವ ಹೇಳಿದಳು: "ಇರ್ತದ."

ಊಟದ ಕೆಲಸ ಅವಳಿಗೆ ಬಂತು.

ಅವಳು ಸುಮ್ಮನೆ ಹೇಳಿದ್ದಲ್ಲ. ಅಕ್ಕೋರ ಮನೆಯಲ್ಲಿ ಮಣ್ಣಿಲ್ಲದೆ ಬರೀ ನೀರಿನಲ್ಲಿ ಬೆಳೆದ ಸೊಪ್ಪನ್ನು ಅವಳು ಕಣ್ಣಾರೆ ನೋಡಿದ್ದಳು. ಲೆಟ್ಯೂಸ್ ಅಂತ ಅದರ ಹೆಸರು. ನೋಡಲು ಹಕ್ಕರಕಿಯ ದೊಡ್ಡಕ್ಕನ ಹಾಗೆ. ಅಗಲ ಎಲೆ, ತುಂಬ ನೀರು, ಕಡಿದರೆ ಕರ್ ಎನ್ನುತ್ತದೆ.

ಸುದ್ದಿ ಊರೆಲ್ಲ ಹಬ್ಬಿತು. ಅಂದಾನಪ್ಪ ತನ್ನ ಖಾನಾವಳಿಯ ಗಲ್ಲಾದ ಮೇಲೆ ಕೂತು ಬಂದವರಿಗೆಲ್ಲ ಹೇಳತೊಡಗಿದ.

"ಬ್ಯಾಸಿಗ್ಯಾಗ ಮಣ್ಣಿಲ್ದ ಎಲಿ ಬೆಳಿತಾಳಂತ ಇರವ್ವಕ್ಕ. ಹಿಟ್ಟಿಲ್ದ ರೊಟ್ಟಿನೂ ಬಡಿತಾಳೇನು, ಕೇಳ್ರಿ ಒಂದೀಟು."

ಜನ ನಕ್ಕರು. ಆ ನಗು ಇರವ್ವನ ಒಲೆಯ ತನಕ ಬಂತು. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಆದರೆ ಫಕೀರಪ್ಪನಿಗೆ ಗೊತ್ತಿತ್ತು. ಹದಿನೆಂಟು ವರ್ಷ ಅವಳ ಖಾನಾವಳಿ ನಡೆದದ್ದು ಅವಳ ಮಾತಿನ ಮೇಲೆ. ಎಂಬತ್ತು ಜನರ ಮುಂದೆ ಆ ಮಾತು ಬಿದ್ದರೆ ಮತ್ತೆ ಏಳುವುದಿಲ್ಲ.

ಔಷಧಿ ಅಂಗಡಿಯಿಂದ ಐದು ಥರ್ಮಾಕೋಲ್ ಪೆಟ್ಟಿಗೆ ತಂದರು. ಮುಚ್ಚಳಕ್ಕೆ ಹತ್ತು ಹತ್ತು ತೂತು ಕೊರೆದರು. ತೂತಿಗೆ ಒಂದೊಂದು ಪ್ಲಾಸ್ಟಿಕ್ ಲೋಟ, ಲೋಟದ ತಳಕ್ಕೂ ಸಣ್ಣ ತೂತು, ಒಳಗೆ ತೆಂಗಿನ ನಾರಿನ ಪುಡಿ, ಅದರಲ್ಲಿ ಅಕ್ಕೋರು ಕೊಟ್ಟ ಸಸಿ. ಪೆಟ್ಟಿಗೆಯ ನೀರಿನಲ್ಲಿ ಅಳತೆಯಂತೆ ಗೊಬ್ಬರದ ಪುಡಿ ಕರಗಿಸಿದರು. ನಾಲ್ಕು ಪೆಟ್ಟಿಗೆಗೆ ಲೆಟ್ಯೂಸ್. ಐದನೆಯದಕ್ಕೆ ಪುದಿನ. ಹಿತ್ತಲಿನ ತಗಡಿನ ಕೆಳಗೆ ಸಾಲಾಗಿ ಇಟ್ಟರು.

ಅಕ್ಕೋರು ನಿಧಾನವಾಗಿ ತಿಳಿಸಿ ಹೇಳಿದರು. ಮೊದಲು ನೀರು ಲೋಟದ ತಳ ಮುಟ್ಟುವಷ್ಟು ಇರಬೇಕು. ಆಮೇಲೆ ಅದು ತಾನಾಗಿ ಇಳಿಯುತ್ತದೆ. ಇಳಿಯಲಿ, ತುಂಬಿಸಬಾರದು. ನೀರು ಇಳಿದಂತೆ ಬೇರು ಅದರ ಬೆನ್ನು ಹತ್ತಿ ಉದ್ದವಾಗುತ್ತದೆ. ಕೆಳಗಿನ ಬೇರು ನೀರು ಕುಡಿಯುತ್ತದೆ, ಮೇಲಿನ ಬೇರು ಗಾಳಿ ಕುಡಿಯುತ್ತದೆ. ಎರಡೂ ಬೇಕು.

ಇರವ್ವ ಕೇಳಿದಳು. ಫಕೀರಪ್ಪ ಅರ್ಧ ಕೇಳಿದ. ನೀರಿನ ಪಾಠ ನನಗೇನು ಹೊಸದೇ ಎಂದು ಮೀಸೆಯಲ್ಲೇ ನಕ್ಕ.

ಎಂಟನೆಯ ದಿನ ನಲ್ಲಿಗೆ ನೀರು ಬಂತು. ಆ ಊರಿನಲ್ಲಿ ನೀರು ಬಂದ ದಿನ ಖಾಲಿ ಪಾತ್ರೆ ಇರಕೂಡದು. ಡ್ರಮ್ಮು, ಹಂಡೆ, ಕೊಡ, ಬಕೆಟ್ಟು, ಕೊನೆಗೆ ಚಹಾದ ಕೆಟಲಿಯನ್ನೂ ತುಂಬಿಡುತ್ತಾರೆ. ಇರವ್ವ ಊಟಕ್ಕೆ ಬಂದವರ ನಡುವೆ ಇದ್ದಳು. ಫಕೀರಪ್ಪ ಎಲ್ಲ ತುಂಬಿಸಿ ಪೆಟ್ಟಿಗೆಗಳ ಹತ್ತಿರ ಬಂದ. ಮುಚ್ಚಳ ಸರಿಸಿ ನೋಡಿದ. ನೀರು ಮೂರು ಬೆರಳು ಇಳಿದಿತ್ತು. ಅವನಿಗೆ ಪಾಪ ಎನಿಸಿತು. ಐದೂ ಪೆಟ್ಟಿಗೆಗೆ ಕಂಠಮಟ ನೀರು ಸುರಿದ.

ಎರಡು ದಿನ ಕಳೆಯಿತು. ಲೆಟ್ಯೂಸ್ ಎಲೆ ಜೋತುಬಿತ್ತು. ನೀರಡಿಕೆ ಎಂದು ಅವನು ಇನ್ನೊಂದು ತಂಬಿಗೆ ಹಾಕಿದ. ಮತ್ತೂ ಜೋತಿತು. ಮತ್ತೂ ಹಾಕಿದ. ಪುದಿನ ಮಾತ್ರ ನಗುತ್ತ ನಿಂತಿತ್ತು. ಅದಕ್ಕೆ ಎಷ್ಟು ನೀರಿದ್ದರೂ ನಡೆಯುತ್ತದೆ. ಅದನ್ನು ನೋಡಿ ಅವನಿಗೆ ಧೈರ್ಯ. ಇದು ಕುಡಿದು ಚೆನ್ನಾಗಿದೆ, ಅವು ಕುಡಿಯುವುದು ಸಾಲದಾಗಿದೆ ಅಂದುಕೊಂಡ.

ಐದನೆಯ ದಿನ ಇರವ್ವ ಹಿತ್ತಲಿಗೆ ಬಂದಳು. ಒಂದು ಲೋಟ ಮೇಲೆತ್ತಿದಳು. ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಗಟಾರದ ವಾಸನೆ ಬಂತು. ಇನ್ನೊಂದು ಎತ್ತಿದಳು. ಅದೂ ಹಾಗೆಯೇ. ನಲವತ್ತೂ ಹಾಗೆಯೇ.

"ಇದಕ್ಕ ನೀರು ಹಾಕಿದ್ರೇನು?"

"ಹ್ಞೂಂ. ನೀರಡಿಸ್ಯಾವ ಅಂತ ಹಾಕಿದೆ."

"ನೀರಡಿಸಿದ್ದಲ್ರೀ. ಉಸಿರು ಕಟ್ಟಿದ್ವು."

ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಫಕೀರಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಕಾಲುಗಳು ತಾವಾಗಿಯೇ ಅವನನ್ನು ಊರಿನ ಎತ್ತರದ ನೀರಿನ ಟಾಕಿಯ ಹತ್ತಿರ ಒಯ್ದವು. ಅಲ್ಲಿ ಹೊಸ ವಾಲ್‌ಮನ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ವಾಲ್ ಪೂರಾ ತೆರೆದಿದ್ದೇನೆ, ಕೊನೆಯ ಓಣಿಗೆ ನೀರು ಏರುತ್ತಿಲ್ಲ, ಹೆಂಗಸರು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ ಎಂದ. ಫಕೀರಪ್ಪ ಯೋಚಿಸಲೂ ಇಲ್ಲ.

"ಪೈಪಿನ್ಯಾಗ ಗಾಳಿ ಸಿಕ್ಕೊಂಡದ. ಏರ್ ವಾಲ್ ಬಿಚ್ಚು. ಗಾಳಿ ಆಡಾಕ ದಾರಿ ಇಲ್ಲಂದ್ರ ನೀರರ ಹ್ಯಾಂಗ ಹೋದೀತು?"

ಹೊಸಬ ಬಿಚ್ಚಿದ. ಬುಸ್ ಎಂದು ಗಾಳಿ ಬಂತು. ಹಿಂದೆಯೇ ಪೈಪಿನೊಳಗೆ ನೀರು ಗುಡುಗುತ್ತ ಓಡಿತು.

ಫಕೀರಪ್ಪ ಅಲ್ಲೇ ನಿಂತುಬಿಟ್ಟ. ತಾನಾಡಿದ ಮಾತು ತನಗೇ ಕೇಳಿಸಿತು. ಮೂವತ್ತೊಂದು ವರ್ಷದಿಂದ ಗೊತ್ತಿದ್ದ ಸಂಗತಿ. ಕಬ್ಬಿಣದ ಪೈಪಿಗೆ ಗಾಳಿಯ ದಾರಿ ಬೇಕೆಂದು ಗೊತ್ತಿದ್ದವನು ಹೂವಿನಂಥ ಬೇರಿನ ಮೂಗು ಮುಚ್ಚಿದ್ದ.

ಮನೆಗೆ ಬಂದು ಹೆಂಡತಿಯ ಮುಂದೆ ನಿಂತ.

"ಪೆಟ್ಟಿಗಿ ಈ ಸಲ ನನಗ ಬಿಡು."

ಇರವ್ವ ಹಿಟ್ಟು ನಾದುವುದು ನಿಲ್ಲಿಸಿದಳು. ಅವನ ಮುಖ ನೋಡಿದಳು.

"ಆತು," ಎಂದಳು.

ಯಾಕೆ ಒಪ್ಪಿದಳೋ ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಕೆಲವು ಹೆಂಗಸರು ಗಂಡ ಕೆಡಿಸಿದ ಕೆಲಸವನ್ನೇ ಮತ್ತೆ ಅವನ ಕೈಗೆ ಕೊಡುತ್ತಾರೆ. ಅದು ಎಷ್ಟು ದೊಡ್ಡದೆಂದು ಆಗ ಗೊತ್ತಾಗುವುದಿಲ್ಲ.

ಇನ್ನು ನಲವತ್ತು ದಿನ ಉಳಿದಿತ್ತು. ಅಕ್ಕೋರು ತಮ್ಮ ಮನೆಯಲ್ಲಿ ಹೆಚ್ಚಾಗಿ ಎಬ್ಬಿಸಿದ್ದ ನಲವತ್ತು ಸಸಿ ಕೊಟ್ಟರು. ಇದು ಹೋದರೆ ಮತ್ತೆ ಬಿತ್ತಿ ಬೆಳೆಯಲು ದಿನವಿಲ್ಲ ಎಂದರು. ಫಕೀರಪ್ಪ ಪೆಟ್ಟಿಗೆ ತಿಕ್ಕಿ ತೊಳೆದ. ನೀರನ್ನು ಲೋಟದ ತಳಕ್ಕೆ ಮುಟ್ಟಿಸಿ ನಿಲ್ಲಿಸಿದ. ಆಮೇಲೆ ನಲ್ಲಿಗೆ ನೀರು ಬಂದಾಗಲೆಲ್ಲ ಹಂಡೆ ತುಂಬಿದ, ಡ್ರಮ್ಮು ತುಂಬಿದ, ಪೆಟ್ಟಿಗೆಯ ಹತ್ತಿರ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬಂದ. ನೀರು ಇಳಿಯಿತು. ಬೇರು ಅದರ ಹಿಂದೆ ಇಳಿಯಿತು. ಬಿಳಿ ಬೇರು, ಹತ್ತಿಯ ನೂಲಿನ ಹಾಗೆ. ಎಲೆ ಅಂಗೈ ಅಗಲವಾಯಿತು.

ಊಟಕ್ಕೆ ಹನ್ನೆರಡು ದಿನ ಇರುವಾಗ ಇರವ್ವ ತಂಗಿಯ ಊರಿಗೆ ಹೋದಳು. ಕೂಸಿಗೆ ಹೆಸರಿಡುವುದಿತ್ತು. ಮೂರು ದಿನ ಫಕೀರಪ್ಪ ಒಬ್ಬನೇ.

ಎರಡನೆಯ ದಿನ ಮಧ್ಯಾಹ್ನ ಬೆಂಕಿಯಂಥ ಬಿಸಿಲು. ಅವತ್ತೇ ನಲ್ಲಿಗೂ ನೀರು ಬಂದಿತ್ತು. ಫಕೀರಪ್ಪ ತುಂಬಿದ ಕೊಡ ಹೊತ್ತು ಹಿತ್ತಲಿಗೆ ಬಂದವನು ನೋಡುತ್ತಾನೆ, ನಲವತ್ತೂ ಗಿಡ ತಲೆ ಕೆಳಗೆ ಹಾಕಿವೆ. ಎಲೆಗಳು ಒದ್ದೆ ಬಟ್ಟೆಯ ಹಾಗೆ ಪೆಟ್ಟಿಗೆಯ ಅಂಚಿನ ಮೇಲೆ ಬಿದ್ದಿವೆ.

ಕೈಯಲ್ಲಿ ಕೊಡ. ಕೊಡದ ತುಂಬ ನೀರು. ಕೈ ತಾನಾಗಿ ಬಾಗಿತು.

ಗೋಡೆಯಾಚೆ ಪಕ್ಕದ ಮನೆಯ ದ್ಯಾಮವ್ವ ಬಟ್ಟೆ ಹಿಂಡುತ್ತಿದ್ದಳು. ಅವಳಿಗೂ ಕಂಡಿತು.

"ಹಾಕೋ ಯಪ್ಪಾ, ಸಾಯಾಕ್ಹತ್ಯಾವ. ಊರಿಗೆಲ್ಲಾ ನೀರು ಬಿಟ್ಟವಗ ಒಂದು ತಂಬಿಗಿ ಹಾಕಾಕ ಕೈ ಬರವಲ್ದೇನು?"

ಫಕೀರಪ್ಪ ಕೊಡ ಬಗ್ಗಿಸಲಿಲ್ಲ. ನೆಲಕ್ಕೆ ಇಟ್ಟ. ಮುಚ್ಚಳ ಎತ್ತಿ ಒಳಗೆ ನೋಡಿದ. ತಳದಲ್ಲಿ ನಾಲ್ಕು ಬೆರಳು ನೀರಿದೆ. ಬೇರಿನ ತುದಿ ಅದರೊಳಗಿದೆ. ಮೇಲಿನ ಬೇರು ಬೆಳ್ಳಗೆ ಗಾಳಿಯಲ್ಲಿದೆ. ಮೂಸಿ ನೋಡಿದ. ವಾಸನೆ ಇಲ್ಲ. ನೀರೂ ಇದೆ, ಉಸಿರೂ ಇದೆ. ಹಾಗಾದರೆ ಇವು ಅಳುವುದು ಯಾತಕ್ಕೆ?

ತಲೆ ಎತ್ತಿದ. ಪೆಟ್ಟಿಗೆ ಇಟ್ಟ ಹೊಸದರಲ್ಲಿ ತಗಡು ಕೊಟ್ಟ ನೆರಳು ಈಗ ಇರಲಿಲ್ಲ. ಸೂರ್ಯ ಜಾಗ ಬದಲಿಸಿದ್ದ. ಪಡುವಣದ ಬಿಸಿಲು ನೇರವಾಗಿ ಎಲೆಯ ನೆತ್ತಿಗೆ ಹೊಡೆಯುತ್ತಿತ್ತು.

ನೀರಡಿಕೆಯಲ್ಲ. ಬಿಸಿಲು.

ಒಳಗೆ ಓಡಿದ. ಇರವ್ವನ ಹಳೆಯ ಇಳಕಲ್ ಸೀರೆ ತಂದು ಎರಡು ಗಳದ ನಡುವೆ ಬಿಗಿದು ಕಟ್ಟಿದ. ಗೋಣಿಚೀಲ ತೊಯಿಸಿ ಪೆಟ್ಟಿಗೆಗಳ ಸುತ್ತ ಹೊದಿಸಿದ. ಕೊಡದ ನೀರು ಅದಕ್ಕೆ ಖರ್ಚಾಯಿತು. ಪೆಟ್ಟಿಗೆಯೊಳಗೆ ಒಂದು ಹನಿಯೂ ಹೋಗಲಿಲ್ಲ. ಆಮೇಲೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

ಮೂವತ್ತೊಂದು ವರ್ಷ ದುಡಿದದ್ದು ಅವನಿಗೆ ಕಷ್ಟ ಅನಿಸಿರಲಿಲ್ಲ. ಆ ನಾಲ್ಕು ತಾಸು ಸುಮ್ಮನೆ ಕೂತದ್ದು ಕಷ್ಟವಾಯಿತು. ದ್ಯಾಮವ್ವ ಎರಡು ಸಲ ಬಂದು ಇಣುಕಿ, ಮುದುಕನಿಗೆ ತಲೆ ಕೆಟ್ಟಿದೆ ಎಂದು ಗೊಣಗಿ ಹೋದಳು.

ಹೊತ್ತು ಇಳಿಯಿತು. ಮೊದಲ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಎಲೆ ಅಂಚು ಎತ್ತಿತು. ಗಾಳಿಗೆ ಅಲುಗಿತೇನೋ ಎಂದು ನೋಡಿದ. ಗಾಳಿ ಇರಲಿಲ್ಲ. ಅದರ ಪಕ್ಕದ್ದು ಎತ್ತಿತು. ದೀಪ ಹಚ್ಚುವ ಹೊತ್ತಿಗೆ ನಲವತ್ತೂ ಗಿಡ ಕಿವಿ ನಿಮಿರಿಸಿ ನಿಂತಿದ್ದವು. ಫಕೀರಪ್ಪ ಎದ್ದು ನಿಂತ. ಮಕ್ಕಳ ಹಾಗೆ ನಕ್ಕ. ಗೋಡೆಯ ಮೇಲಿಂದ ದ್ಯಾಮವ್ವನನ್ನು ಕರೆದು ತೋರಿಸಿದ. ಅವಳು ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

ಆ ಭಾನುವಾರ ಬಂತು. ನಸುಕಿನಲ್ಲಿ ಎಲೆ ಕೊಯ್ದು ಬುಟ್ಟಿಗೆ ತುಂಬಿದರೆ ಐದು ಬುಟ್ಟಿ ಆಯಿತು. ಎಂಬತ್ತು ತಾಟು ಸಾಲಾಗಿ ಕೂತವು. ಪ್ರತಿ ತಾಟಿನಲ್ಲಿ ಬಿಸಿ ರೊಟ್ಟಿ, ರೊಟ್ಟಿಯ ಪಕ್ಕ ಅಂಗೈಗಿಂತ ದೊಡ್ಡ ಹಸಿರೆಲೆ ಮೂರು, ಮೇಲೆ ಶೇಂಗಾ ಹಿಂಡಿ, ಬದಿಗೆ ಪುದಿನ ಚಟ್ನಿ. ಮೊದಲ ಪಂಕ್ತಿಯವರು ಎಲೆ ಕಡಿದರು. ಕರ್ ಎಂಬ ಸಪ್ಪಳ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಎಲ್ಲಿಂದ ತರಿಸಿದಿರಿ ಎಂದು ಒಬ್ಬಳು ಕೇಳಿದಳು. ತರಿಸಿದ್ದಲ್ಲ, ನಮ್ಮ ಹಿತ್ತಲದ್ದು ಎಂದು ಇರವ್ವ ದೊಡ್ಡ ದನಿಯಲ್ಲೇ ಹೇಳಿದಳು. ಅವಳು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಊರು ಅವತ್ತೇ ಕೇಳಿದ್ದು.

ಅಂದಾನಪ್ಪ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ. ಇರವ್ವ ಕರೆದು ಕೂರಿಸಿ ಬಡಿಸಿದಳು. ಅವನು ಮೂರು ಎಲೆ ತಿಂದ. ಮತ್ತೆ ಎರಡು ಕೇಳಿದ. ಕೈ ತೊಳೆದು ಫಕೀರಪ್ಪನ ಹತ್ತಿರ ಬಂದು, ನಾನು ಆಡಿದ್ದು ತಪ್ಪಾಯಿತು ಎಂದ. ಹಿತ್ತಲಿಗೆ ಕರೆದೊಯ್ದು ಫಕೀರಪ್ಪ ಅವನಿಗೂ ಪೆಟ್ಟಿಗೆ ತೋರಿಸಿದ. ಮುಂದಿನ ವರ್ಷದಿಂದ ಶಾಲೆಯ ಊಟವೆಲ್ಲ ಇರವ್ವನದೇ ಎಂದು ಕಮಿಟಿಯ ಹೆಂಗಸರು ಅಲ್ಲೇ ನಿಂತು ಹೇಳಿಹೋದರು.

ಎಲ್ಲರೂ ಹೋದಮೇಲೆ ಇರವ್ವ ಊಟಕ್ಕೆ ಕೂತಳು. ಬಡಿಸಿದವನು ಫಕೀರಪ್ಪ. ಅವಳು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಕಡಿದಳು. ಮೊದಲಿನ ಫಕೀರಪ್ಪ ಆಗಿದ್ದರೆ ಬೇಡವೆಂದರೂ ಇನ್ನೆರಡು ರೊಟ್ಟಿ ತಾಟಿಗೆ ಹಾಕುತ್ತಿದ್ದ. ಅವತ್ತು ಹಾಕಲಿಲ್ಲ. ದಣಿದ ಅವಳ ಮುಖ ನೋಡುತ್ತ, ಬೀಸಣಿಗೆ ತೆಗೆದುಕೊಂಡು ಗಾಳಿ ಹಾಕುತ್ತ ಕೂತ. ಅವಳು ಕಣ್ಣು ಮುಚ್ಚಿ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಳು.

"ಇದಽ ಬೇಕಾಗಿತ್ತು ನೋಡ್ರಿ," ಎಂದಳು.

ನೀತಿ: ಬಾಡಿದ್ದೆಲ್ಲ ನೀರಡಿಕೆಯಿಂದಲೇ ಬಾಡಿದ್ದಲ್ಲ. ಪ್ರೀತಿ ಇದ್ದವರು ಕೈಯಲ್ಲಿ ಇರುವುದನ್ನೇ ಸುರಿಯುತ್ತಾರೆ. ಅದಕ್ಕಿಂತ ಮೊದಲು ಮುಚ್ಚಳ ಎತ್ತಿ ನೋಡಿರಿ. ಏನು ಬೇಕೋ ಅದನ್ನು ಕೊಡಿರಿ. ಗಿಡಕ್ಕಾಗಲಿ ಮನುಷ್ಯರಿಗಾಗಲಿ, ಉಸಿರಾಡಲು ಜಾಗ ಬಿಡುವುದೂ ಒಂದು ಕೊಡುಗೆಯೇ. ಅದನ್ನು ನಮ್ಮವರು ಹತ್ತಿರ ಇರುವಾಗಲೇ ಕಲಿಯಿರಿ.